ಸುಣ್ಣನ ನೆತ್ತಿಯ ಹಸಿರು

ಮುದ್ರೆ ಸಾಹೇಬರಿಗೆ ಹೆದರದ ಅಂಗಡಿಯವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಮುದ್ರೆ ಸಾಹೇಬರು ಹೆದರುತ್ತಿದ್ದದ್ದು ಸೂಜಿಗೆ ಮಾತ್ರ.

ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಅವರಿಗೆ ಕೆಲಸ. ತಕ್ಕಡಿ, ತೂಕದ ಬಟ್ಟು, ಎಣ್ಣೆ ಅಳೆಯುವ ಡಬ್ಬ ಎಲ್ಲವನ್ನೂ ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತುವುದು. ಆ ಮುದ್ರೆ ಬಿದ್ದ ಮೇಲೆ ಕಬ್ಬಿಣದ ತುಂಡು ಬರೀ ಕಬ್ಬಿಣವಲ್ಲ, ಕಾನೂನು. "ಮುದ್ರೆ ಇದೆಯಾ? ಮುಗೀತು. ಪ್ರಶ್ನೆ ಇಲ್ಲ" ಎಂಬುದು ಅವರ ದಿನನಿತ್ಯದ ಮಂತ್ರ. ಹೀಗಾಗಿ ಅವರ ನಡೆಯಲ್ಲಿ ತೂಕ, ನುಡಿಯಲ್ಲಿ ತೂಕ. ಹೊಟ್ಟೆಯ ವಿಷಯ ತೂಕಕ್ಕೂ ಅಳತೆಗೂ ಎರಡಕ್ಕೂ ಸೇರಿದ್ದು. ಇಂಥ ಮನುಷ್ಯ ಎದುರು ಮನೆಯ ಟೈಲರಮ್ಮನ ಬಾಗಿಲ ಮುಂದೆ ಹಾದುಹೋಗುವಾಗ ಮಾತ್ರ ಮುಖವನ್ನು ಗೋಡೆ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಟೈಲರಮ್ಮ ಅದನ್ನು ಸಭ್ಯತೆ ಎಂದುಕೊಂಡಿದ್ದರು. ನಿಜಕ್ಕೂ ಅದು ಟೈಲರಮ್ಮನ ಬೆರಳ ನಡುವೆ ಹೊಳೆಯುತ್ತಿದ್ದ ಸೂಜಿಯ ಮಹಿಮೆ.

ನಾಲ್ಕು ಮಹಡಿಯ ಆ ಕಟ್ಟಡದ ನಿವಾಸಿಗಳ ಸಂಘಕ್ಕೆ ಮುದ್ರೆ ಸಾಹೇಬರೇ ಕಾರ್ಯದರ್ಶಿ. ಹೋದ ತಿಂಗಳು ಕಟ್ಟಡದ ಪಾರ್ಕಿಂಗ್ ಜಾಗದಲ್ಲಿ ನಾಯಿ ಬೆಕ್ಕುಗಳಿಗೆ ಲಸಿಕೆ ಹಾಕುವ ಶಿಬಿರ ನಡೆಸಿದವರೂ ಅವರೇ. ಮೈಕು ಹಿಡಿದು ಅವರು ಮಾಡಿದ ಭಾಷಣ ಎದುರು ಬೀದಿಗೂ ಕೇಳಿಸಿತ್ತು.

"ಮಹನೀಯರೇ, ಹುಚ್ಚುನಾಯಿ ರೋಗ ಬಂದ ಮೇಲೆ ಔಷಧಿ ಇಲ್ಲ! ಬರೋದಕ್ಕೆ ಮುಂಚೆ ಇದೆ! ಲಸಿಕೆ ಆಗದ ನಾಯಿ ಅಂದ್ರೆ ಮುದ್ರೆ ಇಲ್ಲದ ತಕ್ಕಡಿ! ಕಚ್ಚಿದ್ರೆ ಮೊದಲು ಸೋಪು, ಹರಿಯೋ ನೀರು, ಚೆನ್ನಾಗಿ ಕಾಲು ಗಂಟೆ ತೊಳೀಬೇಕು! ಆಮೇಲೆ ಅವತ್ತೇ ಆಸ್ಪತ್ರೆ! ನಾಳೆ ಅನ್ನೋ ಮಾತೇ ಇಲ್ಲ!"

ಚಪ್ಪಾಳೆ ಬಿತ್ತು. ಮೊದಲ ಸರದಿ ಭಾಷಣಕಾರರದ್ದೇ ಆಗಲಿ ಎಂದು ಎಲ್ಲರೂ ಒತ್ತಾಯ ಮಾಡಿದರು. ಅವರ ನಾಯಿ ಸುಣ್ಣ, ಹೆಸರಿಗೆ ತಕ್ಕಂತೆ ಅಪ್ಪಟ ಬಿಳಿ, ಬಾಲ ಆಡಿಸುತ್ತ ಮೇಜಿನ ಮೇಲೆ ಹತ್ತಿ ನಿಂತ. ಪಶುವೈದ್ಯೆ ಡಾಕ್ಟರಮ್ಮ, "ಸಾರ್, ನಾಯಿನ ನೀವೇ ಹಿಡ್ಕೋಬೇಕು, ಮಾಲೀಕರು ಹಿಡ್ಕೊಂಡ್ರೇನೆ ಅವಕ್ಕೆ ಧೈರ್ಯ" ಎಂದು ಸೂಜಿಯನ್ನು ಬೆಳಕಿಗೆ ಎತ್ತಿದರು. ಸೂಜಿಯ ತುದಿಯಲ್ಲಿ ಒಂದು ಹನಿ ಮೂಡಿ ನಿಂತಿತು.

ಮುದ್ರೆ ಸಾಹೇಬರಿಗೆ ಪಾರ್ಕಿಂಗ್ ಜಾಗ ಒಂದು ಕಡೆ ವಾಲಿದ ಹಾಗಾಯಿತು. "ಒಂದ್ನಿಮಿಷ, ಅರ್ಜೆಂಟ್ ಫೋನು" ಎಂದು ಕಿವಿಗೆ ಕೈ ಹಚ್ಚಿಕೊಂಡು, ನಾಯಿಯನ್ನೂ ಎಳೆದುಕೊಂಡು ಮೆಟ್ಟಿಲ ಕಡೆ ಓಡಿದರು. ಕೈಯಲ್ಲಿ ಫೋನು ಇರಲಿಲ್ಲ. ಕಾಲಿಗೆ ಬುದ್ಧಿ ಹೇಳುವ ಅವಸರದಲ್ಲಿ ಕೈಗೆ ಹೇಳಲು ಮರೆತಿದ್ದರು. ಆಮೇಲೆ ಇಳಿದು ಹೋದರಾಯಿತು ಎಂದುಕೊಳ್ಳುತ್ತ ಕೂತರು. ಕೂತಿದ್ದಂತೆಯೇ ಶಿಬಿರ ಮುಗಿದು ಡಾಕ್ಟರಮ್ಮನ ವ್ಯಾನು ಹೊರಟುಹೋಯಿತು.

ಈ ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಮುಗಿಯದಿರಲು ಕಾರಣ ಬಣ್ಣ.

ಒಂದೇ ಪ್ರಾಣಿಗೆ ಒಂದೇ ದಿನ ಎರಡು ಸಲ ಚುಚ್ಚಬಾರದೆಂದು, ಲಸಿಕೆ ಆದ ಪ್ರತಿ ನಾಯಿ ಬೆಕ್ಕಿನ ನೆತ್ತಿಗೂ ಡಾಕ್ಟರಮ್ಮ ಒಂದು ಹಸಿರು ಬೊಟ್ಟು ಹಚ್ಚಿದ್ದರು. ಸಂಜೆ ಹೆಂಡತಿ ಸುಣ್ಣನ ತಲೆ ಸವರಿ ಕೇಳಿದರು.

"ರೀ, ಲಸಿಕೆ ಆಯ್ತಾ?"

"ಆಯ್ತು."

"ಮತ್ತೆ ಹಸಿರು ಎಲ್ಲಿ?"

"ಅದು... ನಮ್ಮನೇದು ಅಂತ ಕೊನೇಗೆ ಹಚ್ತಾರಂತೆ. ಇರು, ಹಚ್ಚಿಸ್ಕೊಂಡು ಬರ್ತೀನಿ."

ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಕಟ್ಟಡದ ಗೇಟಿಗೆ ಬಳಿದು ಮಿಕ್ಕಿದ್ದ ಪೇಂಟಿನ ಡಬ್ಬ ಇತ್ತು. ಗೇಟಿನ ಬಣ್ಣ ಹಸಿರು. ಕುಂಚವೂ ಅಲ್ಲೇ ಇತ್ತು. ಜೀವಮಾನವೆಲ್ಲ ಸುಳ್ಳು ಬಟ್ಟುಗಳನ್ನು ಹಿಡಿದು ಜಪ್ತಿ ಮಾಡಿದ್ದ ಆ ಕೈ, ಸುಣ್ಣನ ಎರಡು ಕಿವಿಗಳ ನಡುವೆ ದುಂಡಗೆ, ಅಚ್ಚುಕಟ್ಟಾಗಿ, ಕಚೇರಿಯ ಮುದ್ರೆಯಷ್ಟೇ ಅಂದವಾಗಿ ಒಂದು ಬೊಟ್ಟು ಇಟ್ಟಿತು. ಜನ ಹಸಿ ಸುಳ್ಳು ಎನ್ನುತ್ತಾರೆ. ಇದು ಹಸಿರು ಸುಳ್ಳು, ಒಣಗಿದ ಮೇಲೂ ಹೋಗದ್ದು.

ಅಷ್ಟಕ್ಕೇ ಬಿಡದೆ, ತಮ್ಮ ನಾಯಿಯ ಮೇಲೆ ಯಾರಿಗೂ ಸಂಶಯ ಬಾರದಿರಲೆಂದು ಮಾರನೆಯ ದಿನವೇ ಸಂಘದಿಂದ ಒಂದು ಕಟ್ಟಳೆ ಹೊರಡಿಸಿದರು. ಲಿಫ್ಟಿನ ಬಾಗಿಲಿಗೆ ಫಲಕ ಬಿತ್ತು: ಹಸಿರಿಲ್ಲದ ಪ್ರಾಣಿಗೆ ಲಿಫ್ಟಿಲ್ಲ.

ವಾರ ಕಳೆಯುವಷ್ಟರಲ್ಲಿ ಕಟ್ಟಡದ ಎಲ್ಲ ಪ್ರಾಣಿಗಳ ಹಸಿರೂ ಮಾಸಿಹೋಯಿತು. ಸುಣ್ಣನದೊಂದೇ ಉಳಿಯಿತು. ಟೈಲರಮ್ಮ ಮೂರು ಬೆಕ್ಕುಗಳನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ನಾಲ್ಕು ಮಹಡಿ ಹತ್ತುವುದು, ಪಕ್ಕದಲ್ಲೇ ಲಿಫ್ಟಿನಲ್ಲಿ ಸುಣ್ಣ ಸವಾರಿ ಮಾಡುವುದು ದಿನದ ನೋಟವಾಯಿತು.

"ಸಾಹೇಬ್ರೇ, ನಮ್ ಬೆಕ್ಕುಗಳದು ಹೋಯ್ತು, ನಿಮ್ದು ಮಾತ್ರ ಹೆಂಗೆ ಪಳಪಳ ಅಂತಿದೆ?" ಎಂದು ಏದುಸಿರು ಬಿಡುತ್ತ ಅವರು ಕೇಳಿದರೆ, "ದೇಹ ಪ್ರಕೃತಿ, ಟೈಲರಮ್ಮ, ದೇಹ ಪ್ರಕೃತಿ" ಎಂದು ಸಾಹೇಬರು ಗೋಡೆಗೆ ಹೇಳುತ್ತಿದ್ದರು.

ಇನ್ನೊಂದು ವಿಷಯ ಗೋಡೆಗೂ ಹೇಳಿರಲಿಲ್ಲ. ಹೋದ ವಾರ ಹಿಂದಿನ ಗಲ್ಲಿಯಲ್ಲಿ ಬೆಲ್ಟು ಕಳಚಿಕೊಂಡು ಓಡಿದ್ದ ಸುಣ್ಣ, ವಾಪಸ್ಸು ಬಂದಾಗ ಎಡಗಿವಿ ಹರಿದುಕೊಂಡು ಬಂದಿದ್ದ. ತಂತಿ ತಾಗಿತೋ, ಬೀದಿನಾಯಿ ಕಚ್ಚಿತೋ ಗೊತ್ತಿಲ್ಲ. ಅವತ್ತಿನಿಂದ ಸಾಹೇಬರು ಎಲ್ಲ ಪ್ರಾಣಿಗಳಿಗೂ ಎರಡನೆಯ ಡೋಸು ಕೊಡುವ ಮುಂದಿನ ಶಿಬಿರಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಈ ಸಲ ಕಣ್ಣು ಮುಚ್ಚಿಕೊಂಡಾದರೂ ಸರಿ, ಗುಟ್ಟಾಗಿ ಕೊಡಿಸಿಬಿಡಬೇಕು ಅಂತ. ಶಿಬಿರ ಇದ್ದದ್ದು ಭಾನುವಾರ ಮಧ್ಯಾಹ್ನಕ್ಕೆ.

ಭಾನುವಾರ ಬೆಳಿಗ್ಗೆಯೇ ಹೆಂಡತಿಯ ಅಣ್ಣ ಬಂದರು.

ಗಾರ್ಡ್ ಭಾವ ಎಂದೇ ಅವರು ಪ್ರಸಿದ್ಧರು. ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ಬೀಸಿ ಬೀಸಿ ನಿವೃತ್ತರಾದವರು. ಬಾವುಟವನ್ನು ರೈಲ್ವೆಗೆ ಒಪ್ಪಿಸಿದ್ದರು, ಪೀಪಿಯನ್ನು ಒಪ್ಪಿಸಿರಲಿಲ್ಲ. ಮಧ್ಯಾಹ್ನದ ರೈಲಿಗೆ ಮಗಳ ಊರಿಗೆ ಹೊರಟಿದ್ದರು. ಎರಡು ದಿನದ ಪ್ರಯಾಣ. ನಡುವೆ ತಂಗಿಯ ಮನೆಯಲ್ಲಿ ಒಂದು ಊಟ.

"ಏನ್ ಭಾವನೋರೇ, ನಾಯಿ ತಲೆ ಮೇಲೆ ಸಿಗ್ನಲ್ ಹಾಕ್ಸಿದ್ದೀರಾ?"

"ಲಸಿಕೆ ಆಗಿದೆ ಅನ್ನೋದಕ್ಕೆ ಗುರುತು, ಭಾವ" ಎಂದರು ಸಾಹೇಬರು, ತಮ್ಮ ಚಪ್ಪಲಿ ನೋಡಿಕೊಳ್ಳುತ್ತ.

"ಹಸಿರು! ಭೇಷ್! ಹಸಿರು ಕಂಡ ಮೇಲೆ ಗಾರ್ಡ್ ಸುಮ್ನೆ ಇರಬಾರ್ದು!" ಎಂದ ಭಾವ ಬಗ್ಗಿ, ಸುಣ್ಣನ ಹರಿದ ಕಿವಿಯ ಪಕ್ಕದಲ್ಲೇ ಪೀಪಿ ಊದಿದರು. ಮೂರನೆಯ ಮಹಡಿಯವರು ಕಿಟಕಿ ತೆರೆದು ನೋಡಿದರು. ಹುಟ್ಟಿದಾಗಿನಿಂದ ಒಂದು ಜಿರಳೆಗೂ ಗದರದ ಸುಣ್ಣ ಎಗರಿ, ಭಾವನ ಮೀನಖಂಡಕ್ಕೆ ಬಾಯಿ ಹಾಕಿ, ತಾನೇ ಗಾಬರಿಯಾಗಿ ಮಂಚದ ಕೆಳಗೆ ನುಗ್ಗಿದ.

ಪ್ಯಾಂಟಿನ ಮೇಲೆ ರಕ್ತ ಸಣ್ಣಗೆ ಒಸರಿತು. ಮುದ್ರೆ ಸಾಹೇಬರ ಮೈಯಲ್ಲಿನ ರಕ್ತವೆಲ್ಲ ಎಲ್ಲಿಗೆ ಹೋಯಿತೋ, ಮುಖ ಸುಣ್ಣನಿಗಿಂತ ಬೆಳ್ಳಗಾಯಿತು.

ಮರುಕ್ಷಣ ಭಾವ ಬಚ್ಚಲಮನೆಯ ಸ್ಟೂಲಿನ ಮೇಲಿದ್ದರು. ಸಾಹೇಬರು ನಲ್ಲಿ ತಿರುಗಿಸಿ, ಸೋಪು ಹಚ್ಚಿ, ತೊಳೆದರು, ಮತ್ತೆ ಹಚ್ಚಿದರು, ಮತ್ತೆ ತೊಳೆದರು. ತಮ್ಮ ಭಾಷಣವೇ ತಮ್ಮ ಕಿವಿಯಲ್ಲಿ ಮೈಕು ಹಾಕಿಕೊಂಡು ಕೂಗುತ್ತಿತ್ತು.

"ಭಾವನೋರೇ, ಸಾಕು ಬಿಡ್ರೀ! ಕಾಲು ತೊಳೀತಿದ್ದೀರೋ, ಕಾರ್ಪೆಟ್ ಒಗೀತಿದ್ದೀರೋ?"

"ಭಾವ, ಈಗ್ಲೇ ಆಸ್ಪತ್ರೆಗೆ ಹೋಗೋಣ. ಒಂದು ಇಂಜೆಕ್ಷನ್."

"ಯಾಕೆ?"

"ಕಚ್ಚಿದೆಯಲ್ಲ!"

"ಹಸಿರು ಇದೆಯಲ್ಲ!"

ಸಾಹೇಬರ ಕೈಯಿಂದ ಸೋಪು ಜಾರಿ ಬಚ್ಚಲ ಮೂಲೆಗೆ ಹೋಯಿತು.

"ಹಸಿರಿದ್ರೂ... ಒಂದು ಜಾಗ್ರತೆಗೆ ಅಂತ..."

"ನೋಡಿ ಭಾವನೋರೇ. ನನ್ನ ಸರ್ವೀಸೆಲ್ಲ ಹಸಿರು ನಂಬಿ ಬದುಕಿದೋನು ನಾನು. ಹಸಿರು ಕಂಡ ಮೇಲೂ ಬಂಡಿ ನಿಲ್ಸಿದ್ರೆ ಮೆಮೋ ಕೊಡ್ತಿದ್ರು. ಹಸಿರು ಅಂದ್ರೆ ದಾರಿ ಸಾಫು, ಹೊರಡು ಅಂತ. ನಾನು ಹೊರಡೋನೇ."

"ರೀ, ನಿಮಗೇನಾಗಿದೆ?" ಹೆಂಡತಿ ಬಾಗಿಲಲ್ಲಿ ನಿಂತರು. "ನೀವೇ ಎದುರು ನಿಂತು ಕೊಡಿಸಿದ್ದು ತಾನೇ?"

ಸಾಹೇಬರು ಬಾಯಿ ತೆರೆದರು. ಸತ್ಯ ನಾಲಿಗೆಯ ತುದಿಯವರೆಗೆ ಬಂದು ಇಣುಕಿತು. ಆದರೆ ಅಷ್ಟರಲ್ಲಿ ಭಾವ ತಂಗಿಗೆ ಹೇಳುತ್ತಿದ್ದರು: "ಅಲ್ಲ ಕಣಮ್ಮಾ, ನಿನ್ನ ಮದುವೆ ಮಾತಾಡುವಾಗ ಅಪ್ಪಂಗೆ ಏನ್ ಹೇಳಿದ್ದೆ ನಾನು? ಹುಡುಗ ಮುದ್ರೆ ಒತ್ತೋ ಕೆಲಸದಲ್ಲಿದ್ದಾನೆ, ಆ ಕೈ ಸುಳ್ಳು ಮಾಡಲ್ಲ ಅಂದಿದ್ದೆ. ಇವತ್ತಿಗೂ ಅದೇ ಮಾತು. ಈ ಮನುಷ್ಯ ಸರಿಯಿದೆ ಅಂದ್ರೆ ಸರಿಯಿದೆ." ಹೆಂಡತಿಯ ಮುಖ ಹೆಮ್ಮೆಯಿಂದ ಅರಳಿತು. ಇಣುಕಿದ್ದ ಸತ್ಯ ಒಳಗೆ ಹೋಗಿ ಚಿಲಕ ಹಾಕಿಕೊಂಡಿತು.

ಸರಿ, ಸತ್ಯ ಹೇಳದೆಯೇ ಭಾವನನ್ನು ಉಳಿಸಬೇಕು. ಸಾಹೇಬರು ಬಚ್ಚಲಿನಿಂದ ಹೊರಬಂದು ಗೋಡೆ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದರು. ರೈಲು ತಪ್ಪಿದರೆ ಇಲ್ಲೇ ಉಳಿಯುತ್ತಾರೆ, ಉಳಿದರೆ ಹೇಗಾದರೂ ಮಾಡಿ ಆಸ್ಪತ್ರೆಗೆ ಸಾಗಿಸಬಹುದು. ಊಟಕ್ಕೆ ಕೂತ ಭಾವ ಗೋಡೆ ನೋಡಿದರು, ತಮ್ಮ ಕೈಗಡಿಯಾರ ನೋಡಿದರು.

"ನಿಮ್ಮ ಗಡಿಯಾರಕ್ಕೆ ಹುಷಾರಿಲ್ಲ, ಭಾವನೋರೇ. ಆ ಇಂಜೆಕ್ಷನ್ ಇದಕ್ಕೆ ಕೊಡಿಸಿ."

ಸಾಹೇಬರು ಭಾವನ ಬೂಟು ಬಚ್ಚಿಟ್ಟರು. ಮಂಚದ ಕೆಳಗೆ ಮುಖ ಮುಚ್ಚಿಕೊಂಡಿದ್ದ ಸುಣ್ಣ, ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವೋ ಎಂಬಂತೆ ಒಂದೊಂದಾಗಿ ಕಚ್ಚಿಕೊಂಡು ಬಂದು ಭಾವನ ಕಾಲ ಬಳಿ ಇಟ್ಟ.

"ನೋಡಿದ್ರಾ? ಲಸಿಕೆ ಆದ ನಾಯಿಗಿರೋ ಬುದ್ಧಿ!" ಎಂದರು ಭಾವ.

ಸಾಹೇಬರಿಗೆ ತಡೆಯಲಾಗಲಿಲ್ಲ. ಬಾಗಿಲ ಹೊರಗೆ, ಮೆಟ್ಟಿಲ ಬಳಿ ಭಾವನ ಚೀಲ ಹಿಡಿದುಕೊಂಡು ಕೈ ಮುಗಿದರು.

"ಭಾವ, ದಮ್ಮಯ್ಯ ಅಂತೀನಿ! ಹಸಿರನ್ನ ನಂಬಬೇಡಿ! ಆ ಹಸಿರಿಗೆ ಮೂರು ಕಾಸಿನ ಬೆಲೆ ಇಲ್ಲ! ಇಂಜೆಕ್ಷನ್ ತಗೊಳ್ಳಿ!"

ಎದುರು ಮನೆಯಲ್ಲಿ ಟೈಲರಮ್ಮನ ಹೊಲಿಗೆ ಮಷಿನ್ನು ಗಕ್ಕನೆ ನಿಂತಿತು.

ಕುತ್ತಿಗೆಗೆ ಅಳತೆ ಟೇಪು, ಕೈಯಲ್ಲಿ ಕತ್ತರಿ ಹಿಡಿದೇ ಟೈಲರಮ್ಮ ಹೊರಗೆ ಬಂದರು. "ಏನಂದ್ರಿ ಸಾಹೇಬ್ರೇ? ಹಸಿರಿಗೆ ಬೆಲೆ ಇಲ್ವಾ? ಶಿಬಿರ ಮಾಡಿಸ್ದೋರೇ ಹಿಂಗಂದ್ರೆ, ನನ್ನ ಮೂರು ಮಕ್ಕಳಿಗೆ ಚುಚ್ಚಿದ್ದೇನು, ನೀರಾ?"

"ಅಯ್ಯೋ, ಹಾಗಲ್ಲ ಟೈಲರಮ್ಮ..."

"ಅದಕ್ಕೇ ನಮ್ ಹಸಿರು ಹೋಯ್ತು! ನಿಮ್ದು ಅಸಲಿ ಮದ್ದು, ಅದಕ್ಕೆ ಉಳೀತು! ಆ ಅಸಲಿ ಮದ್ದಿನ ಮೇಲೇ ನಿಮಗೆ ನಂಬಿಕೆ ಇಲ್ಲ ಅಂದ್ರೆ, ನಮ್ಮ ಕಥೆ ಏನು?"

ಮೂರು ಬೆಕ್ಕನ್ನು ಹೊತ್ತು ಹತ್ತಿದ ಮೆಟ್ಟಿಲುಗಳ ಸಿಟ್ಟೆಲ್ಲ ಕಾಲಿಗೆ ಬಂದಿತ್ತು. ಟೈಲರಮ್ಮ ಒಂದೊಂದು ಮಹಡಿಯಲ್ಲೂ ಬಾಗಿಲು ಬಡಿಯುತ್ತ ಇಳಿದರು. ನಾಲ್ಕನೆಯ ಮಹಡಿಯಲ್ಲಿ 'ಹಸಿರಿಗೆ ಬೆಲೆಯಿಲ್ಲ' ಎಂದಿದ್ದದ್ದು ಮೂರನೆಯದರಲ್ಲಿ 'ಲಸಿಕೆ ಬರೀ ನೀರು' ಆಯಿತು, ಎರಡನೆಯದರಲ್ಲಿ 'ಲಸಿಕೆಯಿಂದಲೇ ನಾಯಿಗೆ ಹುಚ್ಚು ಹಿಡಿದು ಸಾಹೇಬರ ಭಾವನನ್ನು ಕಚ್ಚಿತು' ಆಯಿತು. ನೆಲಮಹಡಿ ತಲುಪುವಷ್ಟರಲ್ಲಿ ಭಾವ ತೀರಿಕೊಂಡಿದ್ದರು.

ಮಧ್ಯಾಹ್ನ ಡಾಕ್ಟರಮ್ಮನ ವ್ಯಾನು ಒಳಗೆ ಬಂದಾಗ ಪಾರ್ಕಿಂಗಿನಲ್ಲಿ ಜಾತ್ರೆಯಷ್ಟು ಜನ, ಒಂದು ಕಡೆ ಮೇಜು, ಮೇಜಿನ ಹತ್ತಿರ ಯಾರೂ ಇಲ್ಲ. ಡಾಕ್ಟರಮ್ಮ ಔಷಧಿಯ ತಣ್ಣನೆ ಪೆಟ್ಟಿಗೆ ಇಳಿಸಿ, ತೋಳು ಮಡಚಿ, "ಯಾರು ಮೊದಲು ಬರ್ತೀರಾ?" ಎಂದರು. ಒಂದು ನಾಯಿಮರಿ ಮಾತ್ರ ಮುಂದೆ ಬಂತು. ಅದನ್ನೂ ಹಿಂದಕ್ಕೆ ಎಳೆದುಕೊಂಡರು.

ಎಳೆದವರು ಪೋಸ್ಟಣ್ಣ. ಸರ್ವೀಸಿನುದ್ದಕ್ಕೂ ನಾಯಿಗಳಿಂದ ಅಟ್ಟಿಸಿಕೊಂಡ ಈ ಅಂಚೆಯವರು, ನಿವೃತ್ತಿಯಾದ ಮೇಲೆ ಶತ್ರುವಿನ ಜೊತೆ ಸಂಧಿ ಮಾಡಿಕೊಂಡು ಒಂದು ಮರಿ ಸಾಕಿದ್ದರು.

"ಮೊದಲು ಲೆಕ್ಕ ಕೊಡಿ ಡಾಕ್ಟರಮ್ಮ. ಹೋದ ಸಲದ ಹಸಿರು ಎಲ್ಲಿ ಹೋಯ್ತು?"

"ಅದು ಹೋಗಬೇಕು ಅಂತಲೇ ಹಚ್ಚೋದು ಸಾರ್. ಆ ದಿನದ ಗುರುತು ಅಷ್ಟೆ, ವಾರದಲ್ಲಿ ತೊಳೆದುಹೋಗತ್ತೆ. ಲಸಿಕೆ ಒಳಗಿರತ್ತೆ, ಬಣ್ಣ ಹೊರಗಿರತ್ತೆ."

"ಓಹೋ! ಹಾಗಾದ್ರೆ ಅದು?" ಟೈಲರಮ್ಮನ ಕತ್ತರಿ ಗಾಳಿಯಲ್ಲಿ ತಿರುಗಿ ಲಿಫ್ಟಿನ ಕಡೆ ನಿಂತಿತು.

ಲಿಫ್ಟಿನ ಬಾಗಿಲು ತೆರೆದಿತ್ತು. ಮೊದಲು ಗಾರ್ಡ್ ಭಾವ ಚೀಲದೊಂದಿಗೆ ಹೊರಬಂದರು. ತೀರಿಕೊಂಡವರು ನಡೆದುಬಂದದ್ದನ್ನು ಕಂಡು ನೆಲಮಹಡಿಯವರಿಗೆ ಸ್ವಲ್ಪ ನಿರಾಸೆಯಾಯಿತು. ಹಿಂದೆ ಹೆಂಡತಿ, ಅವರ ಕೈಯಲ್ಲಿ ಸುಣ್ಣನ ಹಗ್ಗ. ಕೊನೆಯಲ್ಲಿ ಮುದ್ರೆ ಸಾಹೇಬರು, ಬೆವರಿನಲ್ಲಿ ಅದ್ದಿ ತೆಗೆದ ಹಾಗೆ. ಸುಣ್ಣನ ನೆತ್ತಿಯಲ್ಲಿ ಹಸಿರು ಬಿಸಿಲಿಗೆ ಮಿರಮಿರ ಮಿಂಚಿತು.

ಡಾಕ್ಟರಮ್ಮ ಹತ್ತಿರ ಬಂದು ಬಗ್ಗಿ ಉಗುರಿನಿಂದ ತಟ್ಟಿದರು. ಟಕ್ ಟಕ್ ಎಂದಿತು. ಅವರ ಹುಬ್ಬು ಮೇಲೇರಿತು.

"ಇದು..."

"ಇದೇ ಅಸಲಿ ಮದ್ದು!" ಪೋಸ್ಟಣ್ಣ ಕೂಗಿದರು. "ಕಾರ್ಯದರ್ಶಿಗೆ ಅಸಲಿ, ನಮಗೆ ನಕಲಿ! ಬನ್ರಪ್ಪಾ, ಬನ್ನಿ! ಇನ್ನು ಯಾವ ಚುಚ್ಚುಮದ್ದೂ ಬೇಡ, ಯಾವ ಶಿಬಿರವೂ ಬೇಡ!"

ಡಾಕ್ಟರಮ್ಮ ಏನೋ ಹೇಳುತ್ತಿದ್ದರು, ಯಾರಿಗೂ ಕೇಳಿಸುತ್ತಿರಲಿಲ್ಲ. ಬುಟ್ಟಿಗಳು ಮೇಲೆದ್ದವು. ಹಗ್ಗಗಳು ಎಳೆದವು. ಮೂರು ಬೆಕ್ಕು, ಒಂದು ಮರಿ, ಹೆಸರು ಗೊತ್ತಿಲ್ಲದ ಇನ್ನೆಷ್ಟೋ ಬಾಲಗಳು ಮೆಟ್ಟಿಲ ಕಡೆ ತಿರುಗಿದವು. ಅದೇ ಹೊತ್ತಿಗೆ ಗೇಟಿನ ಹೊರಗೆ ಟ್ಯಾಕ್ಸಿ ಹಾರ್ನ್ ಹಾಕಿತು.

"ಜಗಳ ಆಡ್ತಿರಿ, ನಾನು ಬರ್ತೀನಿ" ಎಂದ ಭಾವ, ಕುಂಟುತ್ತ ಗೇಟು ದಾಟಿ, ಟ್ಯಾಕ್ಸಿಯ ಬಾಗಿಲು ತೆರೆದು, ಕಚ್ಚಿಸಿಕೊಂಡ ಕಾಲನ್ನು ಒಳಗಿಟ್ಟರು.

ಮುದ್ರೆ ಸಾಹೇಬರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಆ ಕಡೆ ಭಾವ ರೈಲಿಗೆ ಹೋಗುತ್ತಿದ್ದರು. ಎರಡು ದಿನ ದಾರಿಯಲ್ಲಿ ಆಸ್ಪತ್ರೆಯೂ ಇಲ್ಲ, ಬುದ್ಧಿ ಹೇಳುವವರೂ ಇಲ್ಲ. ಈ ಕಡೆ ಇಡೀ ಕಟ್ಟಡದ ನಾಯಿ ಬೆಕ್ಕುಗಳು ಲಸಿಕೆ ಬಿಟ್ಟು ಹೋಗುತ್ತಿದ್ದವು. ನಡುವೆ ಒಂದು ಕುಂಚದ ಗುರುತು.

ಟೈಲರಮ್ಮನ ಕೈಯಿಂದ ಕತ್ತರಿ ಕಸಿದುಕೊಂಡದ್ದು ಯಾವಾಗ ಎಂದು ಅವರಿಗೇ ನೆನಪಿಲ್ಲ. ಮೊಣಕಾಲೂರಿ, ಸುಣ್ಣನ ತಲೆ ಅವುಚಿಕೊಂಡು, ಹಸಿರು ಗಟ್ಟಿಗಟ್ಟಿದ ಕೂದಲನ್ನು ಬುಡದಲ್ಲಿ ಕತ್ತರಿಸಿದರು. ಬೆಳಗಿನಿಂದ ಯಾರ್ಯಾರೋ ಏನೇನೋ ಮಾಡುತ್ತಿರುವುದನ್ನು ಸಹಿಸಿ ಸಾಕಾಗಿದ್ದ ಸುಣ್ಣ ಅವರ ಹೆಬ್ಬೆರಳನ್ನೂ ಒಮ್ಮೆ ಹಿಡಿದು ಬಿಟ್ಟ. ಸಾಹೇಬರು ಲೆಕ್ಕಿಸದೆ ಓಡಿ, ಆ ಕೂದಲ ಕುಚ್ಚನ್ನು ಕಟ್ಟಡದ ಗೇಟಿಗೆ ಒತ್ತಿ ಹಿಡಿದರು.

ಗೇಟು ಯಾವುದು, ಕುಚ್ಚು ಯಾವುದು ಗೊತ್ತಾಗಲಿಲ್ಲ.

"ನೋಡ್ರೀ ಎಲ್ರೂ! ಗೇಟಿನ ಪೇಂಟು! ನಾನೇ ಬಳಿದದ್ದು! ನನ್ನ ನಾಯಿಗೆ ಲಸಿಕೆನೇ ಆಗಿಲ್ಲ! ಸೂಜಿ ನೋಡಿ ಓಡ್ಹೋದೆ! ನಿಮ್ಮೆಲ್ಲರದ್ದೂ ಅಸಲಿ, ನಂದೊಂದೇ ನಕಲಿ!" ಆಮೇಲೆ ಟ್ಯಾಕ್ಸಿಯ ಕಿಟಕಿಗೆ ತಲೆ ಹಾಕಿ, "ಭಾವ, ಹಸಿರು ಇಲ್ಲ. ಹಸಿರು ಯಾವತ್ತೂ ಇರಲಿಲ್ಲ. ಸಿಗ್ನಲ್ ಆರಿಹೋಗಿದೆ ಭಾವ!" ಎಂದರು.

ಪಾರ್ಕಿಂಗಿನಲ್ಲಿ ಒಂದು ಬೆಕ್ಕು ಸೀನಿತು.

ಗಾರ್ಡ್ ಭಾವ ಸುಣ್ಣನ ಬೋಳು ನೆತ್ತಿಯನ್ನು ನೋಡಿದರು. ಭಾವಮೈದುನನ ಮುಖ ನೋಡಿದರು. ಟ್ಯಾಕ್ಸಿಯವನು ಗೇರು ಹಾಕಲು ಹೋದ. ಭಾವ ಅವನ ಭುಜದ ಮೇಲೆ ಕೈಯಿಟ್ಟರು.

"ನಿಲ್ಲಿಸಪ್ಪಾ. ದೀಪ ಆರಿದ ಸಿಗ್ನಲ್ ಅಂದ್ರೆ ಕೆಂಪು ಅಂತಲೇ ಲೆಕ್ಕ. ಅದು ರೂಲು." ಆಮೇಲೆ ಮೆಲ್ಲಗೆ, "ಸ್ಟೇಷನ್ ಬೇಡ. ಆಸ್ಪತ್ರೆಗೆ ನಡಿ" ಎಂದರು.

"ರೀ..." ಎಂದರು ಹೆಂಡತಿ. ಮದುವೆಯಾದಾಗಿನಿಂದ ಸಾಹೇಬರು ಲಕ್ಷ 'ರೀ' ಕೇಳಿದ್ದರು. ಇಷ್ಟು ಉದ್ದದ್ದು ಕೇಳಿರಲಿಲ್ಲ. ಚುಚ್ಚುಮದ್ದಿಗಿಂತ ಆಳಕ್ಕೆ ಇಳಿಯುವ ಚುಚ್ಚುಮಾತು ಯಾವುದೆಂದರೆ ಮಾತೇ ಇಲ್ಲದ್ದು ಎಂದು ಅವರಿಗೆ ಆಗ ತಿಳಿಯಿತು.

ಡಾಕ್ಟರಮ್ಮ ಮಾತ್ರ ಸಾಹೇಬರ ಹೆಬ್ಬೆರಳು ನೋಡುತ್ತಿದ್ದರು.

"ಸಾರ್, ನಿಮಗೂ ಹಲ್ಲು ತಾಗಿದೆ. ಸೋಪು ಹಾಕಿ ತೊಳ್ಕೊಂಡು, ನೀವೂ ಅದೇ ಟ್ಯಾಕ್ಸಿ ಹತ್ತಿ."

"ನಾ... ನಾನಾ?"

"ನಿಮ್ಮ ಭಾಷಣ ನಾನು ಕೇಳಿದ್ದೀನಿ ಸಾರ್. ನಾಳೆ ಅನ್ನೋ ಮಾತೇ ಇಲ್ಲ."

ಆಸ್ಪತ್ರೆಯಲ್ಲಿ ಗಾಯ ನೋಡಿದ ನರ್ಸಮ್ಮ, "ನಾಯಿಗೆ ಲಸಿಕೆ ಆಗಿತ್ತಾ ಇಲ್ವಾ, ಆಮೇಲೆ ಮಾತಾಡಿ. ರಕ್ತ ಬಂದ್ಮೇಲೆ ನೇರ ಇಲ್ಲಿಗೆ ಬರಬೇಕು, ಹಸಿರು ಹಳದಿ ಅಂತ ಮನೇಲಿ ಕೂತು ಪಂಚಾಯ್ತಿ ಮಾಡೋದಲ್ಲ" ಎಂದು ಇಬ್ಬರನ್ನೂ ಸಮವಾಗಿ ಬೈದರು. ಭಾವ ತೋಳು ಕೊಟ್ಟು, ನೆಟ್ಟಗೆ ಕೂತು, ಮುಗಿಸಿದರು. ನರ್ಸಮ್ಮ ಸಾಹೇಬರ ಕಡೆ ತಿರುಗಿ ಸೂಜಿ ಎತ್ತಿದರು. ಅದು ತೋಳಿನ ಹತ್ತಿರ ಬರುವುದಕ್ಕೂ ಮುಂಚೆ ಸಾಹೇಬರು ಕುರ್ಚಿಯಿಂದ ಪಕ್ಕಕ್ಕೆ ಜಾರಿ ಭಾವನ ಮಡಿಲಲ್ಲಿದ್ದರು.

"ಹೊರಡೋ ಮೊದಲೇ ಬಂಡಿ ಹಳಿ ತಪ್ತು" ಎಂದರು ಭಾವ, ಅವರ ತಲೆ ಹಿಡಿದುಕೊಂಡು. "ಪರವಾಗಿಲ್ಲ, ಚುಚ್ಚಮ್ಮಾ. ಗೂಡ್ಸ್ ಗಾಡಿ ಥರ ತೂಕ ಇದ್ದಾನೆ, ಆದ್ರೂ ಹಿಡ್ಕೊಂಡಿದ್ದೀನಿ."

ಮಧ್ಯಾಹ್ನದ ರೈಲು ಗಾರ್ಡ್ ಭಾವನಿಲ್ಲದೆ ಹೊರಟಿತು. ಅವರ ಬದುಕಿನಲ್ಲಿ ತಪ್ಪಿಸಿಕೊಂಡ ಮೊದಲ ರೈಲು.

ಆಮೇಲಿನದು ಕಾಯುವ ಕಾಲ. ಕಚ್ಚಿದ ನಾಯಿಯನ್ನು ಹತ್ತು ದಿನ ಮನೆಯಿಂದ ಹೊರಬಿಡದೆ ಕಣ್ಣಿಟ್ಟಿರಬೇಕು, ಅಷ್ಟು ದಿನ ಆರೋಗ್ಯವಾಗಿದ್ದರೆ ಕಚ್ಚಿಸಿಕೊಂಡವರಿಗೆ ರೋಗ ಹತ್ತಿಲ್ಲವೆಂದು ಅರ್ಥ; ಆಮೇಲೆ ಲಸಿಕೆ, ಅಲ್ಲಿಯವರೆಗೆ ಇವರ ಇಂಜೆಕ್ಷನ್‌ಗಳನ್ನೂ ಬಿಡುವ ಹಾಗಿಲ್ಲ ಎಂದಿದ್ದರು ಡಾಕ್ಟರಮ್ಮ. ಭಾವ ತಂಗಿಯ ಮನೆಯಲ್ಲೇ ಉಳಿದರು. ಸುಣ್ಣ ನೀರು ಕುಡಿದರೆ ಮನೆ ಉಸಿರು ಬಿಡುತ್ತಿತ್ತು. ಊಟದ ತಟ್ಟೆ ಬಿಟ್ಟನೆಂದರೆ ಇಡೀ ಮನೆ ಊಟ ಬಿಡುತ್ತಿತ್ತು. ಒಂದು ಬೆಳಿಗ್ಗೆ ಅವನ ಬಾಯಲ್ಲಿ ನೊರೆ ಕಂಡು ಸಾಹೇಬರು ಗೋಡೆ ಹಿಡಿದು ಕೂತರು. ಹತ್ತಿರ ಹೋಗಲು ಯಾರಿಗೂ ಧೈರ್ಯವಿಲ್ಲ. ಕೊನೆಗೆ ಹೆಂಡತಿ ಬಾಗಿಲ ಸಂದಿಯಿಂದ ಮೂಗು ಚಾಚಿ ನೋಡಿ, "ರೀ, ಟೂತ್‌ಪೇಸ್ಟ್ ವಾಸನೆ! ನಿಮ್ಮ ಟ್ಯೂಬ್ ನೋಡ್ಕೊಳ್ಳಿ" ಎಂದರು. ಆ ಭಾನುವಾರದಿಂದೀಚೆಗೆ ಹೆಂಡತಿ ಸಾಹೇಬರ ಜೊತೆ ಮಾತಾಡಿದ ಮೊದಲ ವಾಕ್ಯ ಅದು. ಸಾಹೇಬರು ಅದನ್ನು ಕ್ಷಮೆ ಎಂದು ಪರಿಗಣಿಸಿದರು.

ದಿನಾ ಸಂಜೆ ಕೆಳಗಿನಿಂದ ಪೋಸ್ಟಣ್ಣ ಕೂಗುತ್ತಿದ್ದರು: "ಸಾಹೇಬ್ರೇ, ಹೆಂಗಿದ್ದಾನೆ?"

"ತಿಂದ!" ಎಂದು ಮೇಲಿನಿಂದ ಉತ್ತರ ಹೋಗುತ್ತಿತ್ತು. ಎಲ್ಲ ಮಹಡಿಯ ಬಾಲ್ಕನಿಗಳಲ್ಲೂ ಬಾಗಿಲು ಮುಚ್ಚುವ ಸದ್ದು ಆಮೇಲೆಯೇ ಕೇಳುತ್ತಿತ್ತು.

ಹನ್ನೊಂದನೆಯ ದಿನವೂ ಸುಣ್ಣ ಎಂದಿನ ಹಾಗೆ ಎದ್ದು, ಎಂದಿನ ಹಾಗೆ ಭಾವನ ಬೂಟು ತಂದುಕೊಟ್ಟ. ಡಾಕ್ಟರಮ್ಮ ವ್ಯಾನು ತಂದು ಪಾರ್ಕಿಂಗಿನಲ್ಲಿ ಮೇಜು ಹಾಕಿದರು. ಸಾಹೇಬರು ಸುಣ್ಣನನ್ನು ಎದೆಗವುಚಿಕೊಂಡು ನಾಲ್ಕು ಮಹಡಿಯ ಮೆಟ್ಟಿಲು ಇಳಿದು ಬಂದರು. ಹಸಿರಿಲ್ಲದ ಪ್ರಾಣಿಗೆ ಲಿಫ್ಟಿಲ್ಲ. ಫಲಕ ಬರೆಸಿದವರು ಅವರೇ. ಕಟ್ಟಡವೆಲ್ಲ ಸುತ್ತ ನಿಂತಿತು.

"ಮಾಲೀಕರೇ ಹಿಡ್ಕೋಬೇಕು ಸಾರ್" ಎಂದರು ಡಾಕ್ಟರಮ್ಮ. "ಆಗುತ್ತಾ?"

ಸೂಜಿ ಬೆಳಕಿಗೆ ಎದ್ದಿತು. ತುದಿಯಲ್ಲಿ ಹನಿ ಮೂಡಿತು. ಪಾರ್ಕಿಂಗ್ ಜಾಗ ವಾಲಲು ಶುರುವಾಯಿತು. ಮೇಜಿನ ಆಚೆ ಬದಿಯಲ್ಲಿ ಗಾರ್ಡ್ ಭಾವ ಜೇಬಿಗೆ ಕೈ ಹಾಕಿದರು. ಸುಣ್ಣನ ಕಿವಿ ನಡುಗಿತು. ಆದರೆ ಈ ಸಲ ಬಂದದ್ದು ಪೀಪಿಯಲ್ಲ. ಟೈಲರಮ್ಮನ ಮರದ ಅಳತೆ ಪಟ್ಟಿಯ ತುದಿಗೆ ದಾರದಲ್ಲಿ ಕಟ್ಟಿದ್ದ ಆ ಹಸಿರು ಕೂದಲ ಕುಚ್ಚು. ಅದನ್ನು ಮುಖದ ಮಟ್ಟಕ್ಕೆ ಎತ್ತಿ, ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತ ಗಾಂಭೀರ್ಯದಲ್ಲಿ ಅತ್ತಿತ್ತ ಬೀಸಿದರು.

"ನನ್ನ ಕಡೆ ನೋಡಿ ಭಾವನೋರೇ. ಲೈನ್ ಕ್ಲಿಯರ್. ರೈಟ್!"

ಸಾಹೇಬರು ಕುಚ್ಚನ್ನೇ ನೋಡಿದರು. ಆಮೇಲೆ, ಯಾಕೋ, ಅದನ್ನು ಬಿಟ್ಟು ಸೂಜಿಯನ್ನೇ ನೋಡಿದರು. ಅದು ಒಳಗೆ ಹೋಯಿತು, ಹೊರಗೆ ಬಂತು. ಸುಣ್ಣ ಆಕಳಿಸಿದ. ಸಾಹೇಬರು ನಿಂತೇ ಇದ್ದರು.

ಡಾಕ್ಟರಮ್ಮ ಬೋಳು ನೆತ್ತಿಯ ಮೇಲೆ ಒಂದು ಹಸಿರು ಬೊಟ್ಟು ಹಚ್ಚಿದರು. ಟೈಲರಮ್ಮ ಲಿಫ್ಟಿನ ಬಾಗಿಲನ್ನು ಕಾಲಿನಿಂದ ತಡೆದು ಹಿಡಿದು, "ಬನ್ನಿ ಸಾಹೇಬ್ರೇ. ಈಗ ಹಸಿರಿದೆಯಲ್ಲ" ಎಂದು ಕರೆದರು.

ಮುದ್ರೆ ಸಾಹೇಬರು ಲಿಫ್ಟಿನ ಹೊಸ್ತಿಲಲ್ಲಿ ನಿಂತರು. ಬ್ಯಾಂಡೇಜು ಬಿಚ್ಚಿದ ಹೆಬ್ಬೆರಳಿನಿಂದ ಬೊಟ್ಟಿನ ಅಂಚನ್ನು ಉಜ್ಜಿದರು. ಬೆರಳಿಗೆ ಬಣ್ಣ ಹತ್ತಿತು. ಬೆಳಕಿಗೆ ಹಿಡಿದು, ಎಣ್ಣೆ ಡಬ್ಬ ಪರೀಕ್ಷಿಸುವ ಹಾಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಬಣ್ಣ ಬಿಡತ್ತೆ" ಎಂದರು. "ಸರಿಯಾಗಿದೆ."

ಇಡೀ ನೌಕರಿಯಲ್ಲಿ ಅವರು ಅಳಿಸಿಹೋಗುವ ಗುರುತೊಂದನ್ನು ಪಾಸು ಮಾಡಿದ್ದು ಅದೊಂದೇ ಸಲ.